ಕೊಡುಕೊಳ್ಳುವ ನಾಯಕತ್ವ, ಮನುಷ್ಯನನ್ನು ಬದಲಿಸುವ ನಾಯಕತ್ವ: ಜಿಅ್‌ರಾನದಿಂದ ಹೇಮಾವತಿಯ ದಡದವರೆಗೆ

ಚುನಾವಣೆ ಸಮೀಪಿಸಿತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮೊಹಲ್ಲಾಗಳಲ್ಲಿ ನಾವು ಕೇಳುವ ಪ್ರಶ್ನೆ ಒಂದೇ: ‘ಈ ಸಲ ಇವರು ನಮಗೇನು ಕೊಡುತ್ತಾರೆ?’ ಖಬರಸ್ತಾನಕ್ಕೆ ಕಾಂಪೌಂಡು, ಶಾದಿ ಮಹಲಿಗೆ ಅನುದಾನ, ಮಸೀದಿಯ ಬೀದಿಗೆ ಕಾಂಕ್ರೀಟು, ಪುರಸಭೆಯಲ್ಲಿ ಒಂದು ಸ್ಥಾನ. ಬಂದವರೂ ಅದೇ ಭಾಷೆಯಲ್ಲಿ ಉತ್ತರಿಸುತ್ತಾರೆ. ಮಾತು ಕುದುರುತ್ತದೆ, ಮತ ಬೀಳುತ್ತದೆ, ಐದು ವರ್ಷಗಳ ಬಳಿಕ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಇದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ. ತೆರಿಗೆ ಕಟ್ಟುವ ಪ್ರಜೆ ರಸ್ತೆ ಕೇಳುವುದು ಅವನ ಹಕ್ಕು. ಆದರೆ ನಾಯಕತ್ವವೆಂದರೆ ಇಷ್ಟೇ ಎಂದು ನಮ್ಮ ಮಕ್ಕಳು ನಂಬತೊಡಗಿದ್ದಾರೆ. ನಮ್ಮನ್ನು ಕಾಡುವುದು ಅದು.

ರಾಜ್ಯಶಾಸ್ತ್ರಜ್ಞರು ಇದಕ್ಕೊಂದು ಹೆಸರಿಟ್ಟಿದ್ದಾರೆ. ಅಮೆರಿಕದ ಇತಿಹಾಸಕಾರ ಜೇಮ್ಸ್ ಮೆಕ್‌ಗ್ರೆಗರ್ ಬರ್ನ್ಸ್ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಯಕತ್ವವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ವಿನಿಮಯದ ನಾಯಕತ್ವ: ನಾನು ಕೊಡುತ್ತೇನೆ, ನೀನು ಅನುಸರಿಸು. ಇನ್ನೊಂದು, ಪರಿವರ್ತನೆಯ ನಾಯಕತ್ವ: ನಾಯಕನೂ ಅನುಯಾಯಿಯೂ ಒಬ್ಬರನ್ನೊಬ್ಬರು ಮೇಲೆತ್ತಿ, ಮೊದಲು ಬಯಸದಿದ್ದ ಉನ್ನತವಾದುದನ್ನು ಬಯಸುವಂತಾಗುವುದು. ಬರ್ನ್ಸ್ ಇವೆರಡನ್ನೂ ಎದುರುಬದುರು ನಿಲ್ಲಿಸಿದರು. ಏಳು ವರ್ಷಗಳ ನಂತರ, 1985ರಲ್ಲಿ, ಬರ್ನಾರ್ಡ್ ಬಾಸ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ತಿದ್ದಿ, ಒಬ್ಬನೇ ನಾಯಕನಲ್ಲಿ ಎರಡೂ ಗುಣಗಳಿರಬಹುದೆಂದು ವಾದಿಸಿದರು. ಬಾಸ್ ಅವರ ಮಾತು ಸತ್ಯಕ್ಕೆ ಹತ್ತಿರವೆಂದು ನಮಗೆ ತೋರುತ್ತದೆ. ಹಾಗೆ ತೋರಲು ಕಾರಣ ಇವರಿಬ್ಬರ ಪುಸ್ತಕಗಳಲ್ಲ, ಹಿಜರಿ 8ನೇ ವರ್ಷದ ಒಂದು ಘಟನೆ. ಅದಕ್ಕೆ ಬರುವ ಮುನ್ನ ನಮ್ಮ ಈ ಸೀಮೆಯ ನೆಲವನ್ನೊಮ್ಮೆ ನೋಡೋಣ.

ವಿಜಯನಗರದ ಕಾಲದಿಂದಲೂ ಇದು ಪಾಳೆಯಗಾರರ ನಾಡು. ಪಾಳೆಯಗಾರಿಕೆಯೆಂದರೆ ಶುದ್ಧ ವಿನಿಮಯ. ಕೆಳಗಿನವನು ಕಾಣಿಕೆಯನ್ನೂ ಸೈನಿಕರನ್ನೂ ಒಪ್ಪಿಸಬೇಕು. ಮೇಲಿನವನು ಅವನ ಕೋಟೆಯೊಳಗೆ ಕೈಹಾಕಬಾರದು. ಹೊಳೆನರಸೀಪುರದ ಲಕ್ಷ್ಮಪ್ಪ ನಾಯಕನು ಸುಮಾರು 1600ರಲ್ಲಿ ಕೊಳತೂರೆಂಬ ಊರನ್ನು ಗೆದ್ದು ತನ್ನ ಮಗ ಚನ್ನರಾಯನಿಗೆ ಜಹಗೀರಾಗಿ ಕೊಟ್ಟನು. ಇಂದಿನ ಚನ್ನರಾಯಪಟ್ಟಣದ ಹೆಸರು ಅಲ್ಲಿಂದ ಬಂತು. ಅರಕಲಗೂಡನ್ನು 16ನೇ ಶತಮಾನದಲ್ಲಿ ಕಟ್ಟಿಸಿದವನು ಐಗೂರು ಮನೆತನದ ಕೃಷ್ಣಪ್ಪ ನಾಯಕ. ಮುಂದಿನ ಶತಮಾನದಲ್ಲಿ ಈ ಊರುಗಳೆಲ್ಲ ಒಂದೊಂದಾಗಿ ಮೈಸೂರು ಒಡೆಯರ ಕೈಸೇರಿದವು. ರೈತನ ಪಾಲಿಗೆ ಬದಲಾದದ್ದು ಕಂದಾಯ ಕೊಂಡೊಯ್ಯುವವನ ಹೆಸರು ಮಾತ್ರ. ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕ ತೋಡಿಸಿ ಅದನ್ನು ಬಲಪಡಿಸಿದ ಹೈದರ್ ಅಲಿಯೂ ಮೊದಮೊದಲು ಈ ಪದ್ಧತಿಯೊಳಗೇ ಆಡಳಿತ ನಡೆಸಿದವರು.

ಟಿಪ್ಪು ಸುಲ್ತಾನರು ಪಾಳೆಯಗಾರರನ್ನು ಬದಿಗಿರಿಸಿ ರೈತನೊಂದಿಗೆ ನೇರ ಸಂಬಂಧ ಬೆಳೆಸಲು ಯತ್ನಿಸಿದರು. ಅವರ ಕಂದಾಯ ನಿಯಮಾವಳಿಯನ್ನು ಬ್ರಿಟಿಷರೇ 1792ರಲ್ಲಿ ಇಂಗ್ಲಿಷಿಗೆ ಭಾಷಾಂತರಿಸಿ ಪ್ರಕಟಿಸಿದರು. ನೇಗಿಲಿಲ್ಲದ ಬಡ ರೈತನಿಗೆ ತಕಾವಿ ಸಾಲ, ಬೀಳುಭೂಮಿ ಉತ್ತವನಿಗೆ ಕಂದಾಯದಲ್ಲಿ ರಿಯಾಯಿತಿ, ರೈತರಿಗೆ ಕಿರುಕುಳ ಕೊಡಬಾರದೆಂದು ಅಮಲ್ದಾರರಿಗೆ ಎಚ್ಚರಿಕೆ ಮುಂತಾದವು ಅದರಲ್ಲಿವೆ. ಇದೂ ಒಂದು ವಿನಿಮಯವೇ. ಆದರೆ ಉಳುವವನನ್ನು ನೇರವಾಗಿ ಮಾತನಾಡಿಸಿದ ವಿನಿಮಯ.

ಅದೇ 1792ರಲ್ಲಿ ನಮ್ಮ ಜಿಲ್ಲೆಯಲ್ಲೇ ನಡೆದ ಇನ್ನೊಂದು ಪ್ರಸಂಗವನ್ನು ಜನರು ಅಷ್ಟಾಗಿ ನೆನೆಯುವುದಿಲ್ಲ. ಕಾರ್ನ್‌ವಾಲಿಸನ ದಂಡಯಾತ್ರೆಯ ಸಮಯದಲ್ಲಿ ಬಲಂ ಪ್ರಾಂತ್ಯದ ಕೃಷ್ಣಪ್ಪ ನಾಯಕನು (ಅರಕಲಗೂಡಿನ ಸ್ಥಾಪಕನ ಹೆಸರನ್ನೇ ಹೊತ್ತ ಬೇರೊಬ್ಬನು) ಮರಾಠಾ ಸೇನಾನಿ ಪರಶುರಾಮ ಭಾವೂನ ಪಾಳೆಯ ಸೇರಿದ್ದನು. ಸಂಧಿಯಾದ ಮೇಲೆ ಸುಲ್ತಾನರ ಕೋಪಕ್ಕೆ ಅಂಜಿ ಕೊಡಗಿಗೆ ಓಡಿದನು. ಟಿಪ್ಪು ಅವನನ್ನು ಹಿಂದಕ್ಕೆ ಕರೆಸಿ, ಐಗೂರು ಸೀಮೆಯ ಆಡಳಿತವನ್ನು ಅವನಿಗೇ ವಹಿಸಿದರು. ಶತ್ರುವಿನ ಕಡೆ ಸೇರಿದವನಿಗೆ ದೊರೆತದ್ದು ಶಿಕ್ಷೆಯಲ್ಲ, ಸೀಮೆ. ಆದರೆ ಅದೇ ವರ್ಷ, ಅದೇ ನಾಡಿನ ನೆತ್ತಿಯ ಮೇಲೆ, ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆಯೂ ಎದ್ದುನಿಂತಿತು. (ಹೆಸರು ನಮ್ಮ ‘ಮಂಜಿ’ನಿಂದ ಬಂತೆಂದು ಕೆಲವರು, ಉರ್ದುವಿನ ‘ಮಂಜರ್’ನಿಂದ ಬಂತೆಂದು ಕೆಲವರು. ಸಕಲೇಶಪುರದ ಮಳೆಗಾಲ ಕಂಡವರಿಗೆ ಎರಡೂ ಒಪ್ಪಿಗೆಯಾದಾವು.) ಒಂದು ಕೈ ಸೀಮೆಯನ್ನು ಕೊಟ್ಟಿತು, ಇನ್ನೊಂದು ಕೈ ಅದರ ಮೇಲೆ ಕಾವಲು ಕಟ್ಟಿತು. ಕೃಷ್ಣಪ್ಪನ ಮಗ ವೆಂಕಟಾದ್ರಿ ನಾಯಕನು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದೊಡನೆ ಸ್ವತಂತ್ರನಾಗಿ ನಿಂತು ಕಾದಾಡಿದನು. 1802ರಲ್ಲಿ ಬ್ರಿಟಿಷರು ಅವನನ್ನು ಹಿಡಿದು ಗಲ್ಲಿಗೇರಿಸಿದರು. ಆ ಮನೆತನದ ನಿಷ್ಠೆ ಮೊದಲಿನಿಂದ ಕೊನೆಯವರೆಗೂ ತನ್ನ ಸೀಮೆಗೆ ಸಲ್ಲುತ್ತಿತ್ತು. ಅದನ್ನು ಕೊಟ್ಟವರಿಗೆ ಆ ನಿಷ್ಠೆ ಸಂದುದಕ್ಕೆ ಕುರುಹು ಕಾಣುವುದಿಲ್ಲ.

ಕೊಟ್ಟದ್ದು ಮನಸ್ಸಿನೊಳಕ್ಕೆ ಇಳಿಯುವುದು ಯಾವಾಗ? ಈ ಪ್ರಶ್ನೆಗೆ ನಮ್ಮ ಇತಿಹಾಸದಲ್ಲಿ ಸಿಗುವ ಅತ್ಯಂತ ಸ್ಪಷ್ಟವಾದ ನಿದರ್ಶನ ಜಿಅ್‌ರಾನದ್ದು.

ಹಿಜರಿ 8, ಅಂದರೆ ಕ್ರಿ.ಶ. 630. ಮಕ್ಕಾ ವಿಜಯವಾಗಿ ಕೆಲವೇ ವಾರಗಳಾಗಿದ್ದವು. ಹವಾಝಿನ್ ಬುಡಕಟ್ಟಿನವರ ವಿರುದ್ಧ ಹುನೈನ್ ಕಣಿವೆಯಲ್ಲಿ ಯುದ್ಧ ನಡೆಯಿತು. ಯುದ್ಧಕ್ಕೆ ಮುನ್ನ ಪ್ರವಾದಿವರ್ಯರು(ಸ) ಸಫ್ವಾನ್ ಬಿನ್ ಉಮಯ್ಯ ಎಂಬ ಕುರೈಷ್ ಮುಖಂಡನಿಂದ ಯುದ್ಧಕವಚಗಳನ್ನು ಕೇಳಿದರು. ಸಫ್ವಾನ್ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಕಸಿದುಕೊಳ್ಳುವಿರಾ ಎಂದು ಅವನು ಕೇಳಿದಾಗ, ಇಲ್ಲ, ಹೊಣೆಗಾರಿಕೆಯ ಮೇಲೆ ಎರವಲು ಎಂಬ ಉತ್ತರ ಬಂತು. ಹತ್ತು ಸಾವಿರ ಸೈನಿಕರೊಂದಿಗೆ ನಗರವನ್ನು ಗೆದ್ದು ನಿಂತವರು ಸೋತವನೊಂದಿಗೆ ಎರವಲಿನ ಕರಾರು ಮಾಡಿಕೊಳ್ಳುತ್ತಿದ್ದಾರೆ! ವಿನಿಮಯವನ್ನು ಕೀಳಾಗಿ ಕಾಣುವವರು ಈ ಪ್ರಸಂಗವನ್ನು ಗಮನಿಸಬೇಕು. ಕರಾರನ್ನು ಪ್ರಾಮಾಣಿಕವಾಗಿ ನಡೆಸುವುದು ಪ್ರವಾದಿಚರ್ಯೆಯೇ ಆಗಿದೆ.

ಯುದ್ಧ ಗೆದ್ದ ಮೇಲೆ ಅಪಾರ ಸೊತ್ತು ಸೇರಿತು. ಇತಿಹಾಸಕಾರರು 24,000 ಒಂಟೆಗಳನ್ನೂ 40,000ಕ್ಕೂ ಮಿಕ್ಕ ಕುರಿಗಳನ್ನೂ ಲೆಕ್ಕಿಸಿದ್ದಾರೆ. ಅದೆಲ್ಲವನ್ನೂ ಜಿಅ್‌ರಾನದಲ್ಲಿ ಹಂಚಲಾಯಿತು. ಅಬೂ ಸುಫ್ಯಾನ್‌ರಿಗೆ ನೂರು ಒಂಟೆ. ಹಕೀಮ್ ಬಿನ್ ಹಿಝಾಮ್‌ರಿಗೆ ನೂರು. ಅಕ್‌ರಅ್ ಬಿನ್ ಹಾಬಿಸ್, ಉಯೈನ ಬಿನ್ ಹಿಸ್ನ್‌ರಿಗೆ ನೂರು ನೂರು. ಸಫ್ವಾನ್‌ಗೆ ನೂರು, ಅದರ ಮೇಲೆ ಇನ್ನೂ ನೂರು, ಮತ್ತೂ ನೂರು. ನಿನ್ನೆಯವರೆಗೆ ಶತ್ರುಗಳಾಗಿದ್ದವರಿಗೆ ಕೈತುಂಬ ದೊರೆಯಿತು. ಪ್ರವಾದಿವರ್ಯರಿಗೆ(ಸ) ಆಶ್ರಯವಿತ್ತು, ಬದ್ರ್ ಮತ್ತು ಉಹುದ್‌ಗಳಲ್ಲಿ ರಕ್ತ ಹರಿಸಿದ ಮದೀನಾದ ಅನ್ಸಾರ್‌ಗಳಿಗೆ ಆ ಕೊಡುಗೆಗಳಲ್ಲಿ ಏನೂ ಸಿಗಲಿಲ್ಲ.

ಅನ್ಸಾರ್‌ಗಳ ನಡುವೆ ಗುಸುಗುಸು ಎದ್ದಿತು. ಕತ್ತಿಗಳಿಂದ ಇನ್ನೂ ಕುರೈಷರ ರಕ್ತ ಆರಿಲ್ಲ, ಪಾಲು ಮಾತ್ರ ಅವರಿಗೇ ಎಂದು ಯುವಕರು ಆಡಿಕೊಂಡರು. ಅವರ ನಾಯಕ ಸಅದ್ ಬಿನ್ ಉಬಾದರು(ರ) ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಹೋಗಿ ಇದನ್ನು ತಿಳಿಸಿದರು. ಈ ವಿಷಯದಲ್ಲಿ ನಿಮ್ಮ ನಿಲುವೇನು ಎಂದು ಪ್ರವಾದಿವರ್ಯರು(ಸ) ಕೇಳಿದರು. ಸಅದ್‌ರ ಉತ್ತರ ನಮಗೆ ಬಹಳ ಹಿಡಿಸುತ್ತದೆ: ತಾನೂ ತನ್ನ ಜನರಲ್ಲಿ ಒಬ್ಬನೇ ಎಂದರು. ನಾಯಕನ ಕಿವಿಗೆ ಇಂಪಾದುದನ್ನು ಹೇಳಿ ತನ್ನ ಸ್ಥಾನ ಉಳಿಸಿಕೊಳ್ಳಲು ಅವರು ಯತ್ನಿಸಲಿಲ್ಲ. ಆ ಮಾತಿಗಾಗಿ ಅವರಿಗೆ ಗದರಿಕೆಯೂ ಸಿಗಲಿಲ್ಲ. ಅನ್ಸಾರ್‌ಗಳನ್ನು ಒಂದೆಡೆ ಸೇರಿಸುವಂತೆ ಅಪ್ಪಣೆಯಾಯಿತು. ಬೇರೆಯವರಿಗೆ ಅಲ್ಲಿ ಸ್ಥಳವಿರಲಿಲ್ಲ.

ಅಲ್ಲಿ ನಡೆದ ಭಾಷಣ ಹದೀಸ್ ಗ್ರಂಥಗಳಲ್ಲಿ ವಿವರವಾಗಿ ಬಂದಿದೆ. ಪ್ರವಾದಿವರ್ಯರು(ಸ) ಮೊದಲು ತಮ್ಮ ಕಡೆಯಿಂದ ಅವರಿಗೆ ಸಂದುದನ್ನು ನೆನಪಿಸಿದರು: ದಾರಿ ತಪ್ಪಿದ್ದವರಿಗೆ ಅಲ್ಲಾಹನು ಸನ್ಮಾರ್ಗ ತೋರಿದ್ದು, ಪರಸ್ಪರ ವೈರಿಗಳಾಗಿದ್ದವರು ಒಂದಾದದ್ದು. ಬಳಿಕ, ಅನ್ಸಾರ್‌ಗಳು ಹೇಳಲು ಸಂಕೋಚಪಡುತ್ತಿದ್ದುದನ್ನು ಅವರ ಪರವಾಗಿ ತಾವೇ ಹೇಳಿದರು: ಎಲ್ಲರೂ ಸುಳ್ಳುಗಾರನೆಂದಾಗ ನೀವು ನನ್ನನ್ನು ನಂಬಿದಿರಿ, ಹೊರಗಟ್ಟಲ್ಪಟ್ಟವನಾಗಿ ಬಂದಾಗ ಆಶ್ರಯ ಕೊಟ್ಟಿರಿ, ಹೀಗೆ ನೀವು ಹೇಳಿದರೆ ಅದು ಸತ್ಯವೇ ಆದೀತು ಎಂಬ ಅರ್ಥದಲ್ಲಿ. ಅಂದರೆ ಲೆಕ್ಕದ ಎರಡೂ ಬದಿಗಳನ್ನು ಓದಿ ಒಪ್ಪಿಸಿದರು. ತಮ್ಮ ಋಣವನ್ನು ಹೀಗೆ ಬಹಿರಂಗವಾಗಿ ಒಪ್ಪಿಕೊಂಡ ಆಡಳಿತಗಾರರು ಜಗತ್ತಿನ ಇತಿಹಾಸದಲ್ಲಿ ವಿರಳ. ಆ ನಂತರವೇ ಆ ಪ್ರಶ್ನೆ ಬಂತು: ಜನರು ಕುರಿ ಒಂಟೆಗಳನ್ನು ಹೊಡೆದುಕೊಂಡು ಮನೆಗೆ ಹೋಗಲಿ, ನೀವು ಅಲ್ಲಾಹನ ಸಂದೇಶವಾಹಕರನ್ನು ಜೊತೆಗೆ ಕರೆದೊಯ್ಯುವುದು ನಿಮಗೆ ಸಮ್ಮತವಲ್ಲವೇ? ಗಡ್ಡಗಳು ತೊಯ್ಯುವಷ್ಟು ಅನ್ಸಾರ್‌ಗಳು ಅತ್ತರು. ತಮ್ಮ ಪಾಲಿಗೆ ಬಂದುದು ತೃಪ್ತಿಯಾಯಿತು ಎಂದರು.

ಒಂದೇ ನಾಯಕರು, ಒಂದೇ ಸ್ಥಳ, ಎರಡು ಗುಂಪುಗಳು, ಎರಡು ಬಗೆ. ಹೊಸಬರಿಗೆ ಒಂಟೆ; ಹಳಬರಿಗೆ ಮಾತು. ಹಳಬರು ಹಲವು ವರ್ಷಗಳ ತರಬೇತಿಯಿಂದ ಬದಲಾಗಿದ್ದರು, ಆದ್ದರಿಂದ ಆ ಮಾತು ಅವರಿಗೆ ಸಾಕಾಯಿತು. ಬದಲಾಗದವರ ಮುಂದೆ ಅದೇ ಮಾತನ್ನು ಆಡಿದ್ದರೆ ಅದು ಬರಿಗೈಯ ಸಮಾಧಾನವಾಗುತ್ತಿತ್ತು. ಹಾಗೆಂದು ಅನ್ಸಾರ್‌ಗಳೂ ಮೊದಲ ದಿನವೇ ಹೀಗಿರಲಿಲ್ಲ. ಕ್ರಿ.ಶ. 622ರಲ್ಲಿ ಅಕಬಾದಲ್ಲಿ ಪ್ರತಿಜ್ಞೆ ಮಾಡುವಾಗ, ಮಾತು ಉಳಿಸಿಕೊಂಡರೆ ನಮಗೇನು ಸಿಗುತ್ತದೆ ಎಂದು ಅವರೂ ಕೇಳಿದ್ದರು. ಸ್ವರ್ಗ ಎಂಬ ಉತ್ತರ ಪಡೆದಿದ್ದರು. ಪವಿತ್ರ ಕುರ್‌ಆನ್ ಸಹ ಸತ್ಯವಿಶ್ವಾಸವನ್ನು ಅನೇಕ ಕಡೆ ವ್ಯಾಪಾರದ ರೂಪಕದಲ್ಲೇ ವಿವರಿಸುತ್ತದೆ. ಬೇರೆಯಾದದ್ದು ಸರಕು.

ಒಂಟೆ ಪಡೆದವರಲ್ಲಿಯೂ ಎಲ್ಲರೂ ಒಂದೇ ಆಗಲಿಲ್ಲ. ತಾನು ಅತಿ ಹೆಚ್ಚು ದ್ವೇಷಿಸುತ್ತಿದ್ದ ವ್ಯಕ್ತಿ ಕೊಡುತ್ತ ಕೊಡುತ್ತ ತನಗೆ ಎಲ್ಲರಿಗಿಂತ ಪ್ರಿಯರಾದರೆಂದು ಸಫ್ವಾನ್(ರ) ಮುಂದೆ ಸ್ವತಃ ಹೇಳಿಕೊಂಡರು. ಅವರ ಪಾಲಿಗೆ ವಿನಿಮಯವೇ ಪರಿವರ್ತನೆಯ ಬಾಗಿಲಾಯಿತು. ಉಯೈನ ಮತ್ತು ಅಕ್‌ರಅ್‌ರಾದರೋ ಪ್ರವಾದಿವರ್ಯರ(ಸ) ನಂತರ ಹ. ಅಬೂಬಕರ್‌ರ(ರ) ಬಳಿ ಬಂದು ಭೂಮಿ ಕೇಳಿದರು, ಪತ್ರವನ್ನೂ ಬರೆಸಿಕೊಂಡರು. ಸಾಕ್ಷಿಗೆಂದು ಹ. ಉಮರ್‌ರ(ರ) ಬಳಿ ಹೋದಾಗ ಅವರು ಅದನ್ನು ಅಳಿಸಿಹಾಕಿದರು: ಇಸ್ಲಾಮ್ ದುರ್ಬಲವಾಗಿದ್ದಾಗ ನಿಮ್ಮ ಮನವೊಲಿಸಲಾಗುತ್ತಿತ್ತು, ಈಗ ಆ ಅಗತ್ಯವಿಲ್ಲ ಎಂಬುದು ಅವರ ನಿಲುವಾಗಿತ್ತು. ಝಕಾತ್‌ನಲ್ಲಿ ‘ಮನವೊಲಿಸಬೇಕಾದವರ’ ಪಾಲು ಕುರ್‌ಆನ್‌ನಲ್ಲೇ ಇರುವುದರಿಂದ ಈ ತೀರ್ಮಾನದ ವ್ಯಾಪ್ತಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಪತ್ರದ ಮೇಲೆ ನಿಂತ ಸಂಬಂಧವನ್ನು ಇನ್ನೊಂದು ಕೈ ಅಳಿಸಬಲ್ಲದು.

ಈಗ ಹೇಮಾವತಿಯ ದಡಕ್ಕೆ ಮರಳೋಣ. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯ ಕಾಲದಿಂದಲೇ ಮುಸ್ಲಿಮರನ್ನು ಹಿಂದುಳಿದವರ ಸಾಲಿನಲ್ಲಿ ಗುರುತಿಸಲಾಗಿತ್ತು. 1977ರಲ್ಲಿ ದೇವರಾಜ ಅರಸರ ಸರ್ಕಾರ ಆ ಗುರುತನ್ನು ಮುಂದುವರಿಸಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಆಯೋಗವು 1990ರಲ್ಲಿ ಸಮುದಾಯದ ಹಿಂದುಳಿದಿರುವಿಕೆಯನ್ನು ಎತ್ತಿಹಿಡಿಯಿತು. 1994ರಲ್ಲಿ ವೀರಪ್ಪ ಮೊಯ್ಲಿಯವರ ಸರ್ಕಾರ ‘2ಬಿ’ ಎಂಬ ವರ್ಗವನ್ನು ರೂಪಿಸಿತಾದರೂ, ಒಟ್ಟು ಮೀಸಲಾತಿ ಶೇ. 50ನ್ನು ಮೀರಬಾರದೆಂಬ ಸುಪ್ರೀಂ ಕೋರ್ಟಿನ ಮಿತಿ ಅಡ್ಡಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದವರು ಎಚ್.ಡಿ. ದೇವೇಗೌಡರು. 1995ರ ಫೆಬ್ರವರಿಯಲ್ಲಿ ಅವರ ಸರ್ಕಾರ ಮುಸ್ಲಿಮರಿಗೆ ಶೇ. 4ರ ಮೀಸಲಾತಿಯನ್ನು ಜಾರಿಗೆ ತಂದಿತು.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಓದಿ, ಗುತ್ತಿಗೆದಾರರಾಗಿ, 1962ರಲ್ಲಿ ಪಕ್ಷೇತರರಾಗಿ ವಿಧಾನಸಭೆ ಪ್ರವೇಶಿಸಿದ ಈ ನಾಯಕರ ರಾಜಕಾರಣವನ್ನು ನಮ್ಮ ಹಿರಿಯರು ಹತ್ತಿರದಿಂದ ಕಂಡಿದ್ದಾರೆ. ನಾಲೆ, ಸೇತುವೆ, ಶಾಲೆ, ನೌಕರಿಯ ಶಿಫಾರಸು: ಕೊಡುವ ಕೈಯೂ ಪಡೆಯುವ ಕೈಯೂ ಒಂದನ್ನೊಂದು ಬಲ್ಲ ರಾಜಕಾರಣವದು. ವಿದ್ವಾಂಸರು ಇದನ್ನು ವಿನಿಮಯವೆಂದು ಬರೆದು ಮುಂದೆ ಹೋದಾರು. ಆದರೆ ಶೇ. 4 ಎಂಬ ಆ ಸಣ್ಣ ಸಂಖ್ಯೆಯ ಮೂಲಕ ಕಳೆದ ಮೂರು ದಶಕಗಳಲ್ಲಿ ವೈದ್ಯಕೀಯ ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಪೊಲೀಸ್ ಇಲಾಖೆ, ಶಿಕ್ಷಕ ವೃತ್ತಿಗಳೊಳಗೆ ಹೋದ ನಮ್ಮ ಮಕ್ಕಳನ್ನು ನೆನೆದಾಗ ಆ ಪದ ನಮಗೆ ಸಾಲದೆನಿಸುತ್ತದೆ. ತಂದೆ ಗುಜರಿ ಅಂಗಡಿಯಲ್ಲಿ ದುಡಿದು, ಮಗಳು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆಯಾಗುವ ಮನೆಯಲ್ಲಿ ಬದಲಾಗಿರುವುದು ಆದಾಯವಷ್ಟೇ ಅಲ್ಲ. ಆ ಮನೆಯ ಮುಂದಿನ ಹೆಣ್ಣುಮಗುವಿನ ಬಗ್ಗೆ ಅಜ್ಜಿ ಕಾಣುವ ಕನಸೇ ಬದಲಾಗಿರುತ್ತದೆ.

ಇದೇ ನಾಯಕರ ಪ್ರಧಾನಿ ಪದವಿಯ ಕಥೆ ವಿನಿಮಯದ ಮಿತಿಯನ್ನೂ ತೋರಿಸುತ್ತದೆ. 1996ರ ಜೂನ್ 1ರಂದು ಸಂಯುಕ್ತ ರಂಗದ ಪಕ್ಷಗಳ ಒಪ್ಪಂದದಿಂದ, ಕಾಂಗ್ರೆಸ್ಸಿನ ಹೊರಗಿನ ಬೆಂಬಲದಿಂದ ಅವರು ಅಧಿಕಾರಕ್ಕೇರಿದರು. ಆ ಅವಧಿಯಲ್ಲೇ ಬಾಂಗ್ಲಾದೇಶದೊಂದಿಗೆ ಗಂಗಾ ನೀರಿನ 30 ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು. ಬೆಂಬಲ ಹಿಂತೆಗೆದ ಒಂದೇ ಪತ್ರದಿಂದ ಹನ್ನೊಂದು ತಿಂಗಳೊಳಗೆ ಸರ್ಕಾರ ಉರುಳಿತು.

ಪತ್ರ ಅಳಿಸುವ ಕೈ ನಮ್ಮ ಕಡೆಗೂ ಬಂತು. 2023ರ ಮಾರ್ಚ್ ತಿಂಗಳಲ್ಲಿ, ವಿಧಾನಸಭಾ ಚುನಾವಣೆಯ ಹೊಸ್ತಿಲಲ್ಲಿ, ಬಸವರಾಜ ಬೊಮ್ಮಾಯಿಯವರ ಸರ್ಕಾರ 2ಬಿ ಮೀಸಲಾತಿಯನ್ನು ರದ್ದುಪಡಿಸಿ, ಆ ನಾಲ್ಕನ್ನು ಒಕ್ಕಲಿಗರಿಗೆ ಎರಡು, ಲಿಂಗಾಯತರಿಗೆ ಎರಡು ಎಂದು ಹಂಚಿತು. ಮುಸ್ಲಿಮರನ್ನು ಆರ್ಥಿಕವಾಗಿ ದುರ್ಬಲರ ಶೇ. 10ರ ಸಾಲಿಗೆ ಕಳುಹಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಹೊಸ ಆದೇಶದಂತೆ ಪ್ರವೇಶ, ನೇಮಕಾತಿ ನಡೆಸುವುದಿಲ್ಲವೆಂದು ಸರ್ಕಾರ ಏಪ್ರಿಲ್‌ನಲ್ಲಿ ನ್ಯಾಯಾಲಯಕ್ಕೆ ಭರವಸೆ ಕೊಡಬೇಕಾಯಿತು. ಆ ವಾರಗಳಲ್ಲಿ ನಮ್ಮ ಮನೆಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳ ಮುಖ ನೋಡಿದವರಿಗೆ, ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಗಬಹುದೆಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಆದರೆ ಮೀಸಲಾತಿಯ ಸೀಟು ತಾನಾಗಿ ತುಂಬುವುದಿಲ್ಲ. ಅದನ್ನು ಪಡೆಯಲು ಅರ್ಹತೆ ಗಳಿಸಿದ ಮಗು ಬೇಕು. ಆ ಮಗುವನ್ನು ಸಿದ್ಧಪಡಿಸಿದವರ ಹೆಸರು ಸರ್ಕಾರಿ ಆದೇಶಗಳಲ್ಲಿ ಇರುವುದಿಲ್ಲ. 1966ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ವೈದ್ಯ ಡಾ. ಮುಮ್ತಾಝ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಅಲ್ ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಅವರ ಬಳಿ ಹಂಚಲು ಅಧಿಕಾರವಿರಲಿಲ್ಲ, ಕೊಡಲು ಗುತ್ತಿಗೆಯಿರಲಿಲ್ಲ. ಕಾಲೇಜು ಕಟ್ಟುವುದೂ ಇಬಾದತ್ತಿನಂತಹ ಹೊಣೆಯೇ ಎಂಬ ಭಾವನೆಯನ್ನು ಅವರು ಸಮುದಾಯದಲ್ಲಿ ಬಿತ್ತಿದರು. 2021ರಲ್ಲಿ ಅವರು ನಿಧನರಾಗುವ ವೇಳೆಗೆ ಆ ಹೆಸರಿನ ಶಾಲಾ ಕಾಲೇಜುಗಳು ರಾಜ್ಯದ ಹಲವೆಡೆ ಹರಡಿದ್ದವು. ಅವರೊಂದಿಗೆ ಸಂಬಂಧವೇ ಇಲ್ಲದ ಊರುಗಳ ಜಮಾಅತ್‌ಗಳೂ ಆ ದಾರಿ ಹಿಡಿದಿದ್ದವು. ತಮ್ಮನ್ನು ಕಂಡೇ ಇರದವರೂ ತಮ್ಮ ಕೆಲಸವನ್ನು ಮುಂದುವರಿಸುವಂತೆ ಮಾಡಿದವರ ನಾಯಕತ್ವವನ್ನು ಬರ್ನ್ಸ್ ಕಂಡಿದ್ದರೆ ಏನೆಂದು ಕರೆಯುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ.

ನಮ್ಮ ಮಸೀದಿ ಸಮಿತಿಗಳ ಸಭೆಗಳಲ್ಲಿ ಮಾತು ಹೆಚ್ಚಾಗಿ ಮಳಿಗೆಯ ಬಾಡಿಗೆ, ಮುತವಲ್ಲಿಯ ಅವಧಿ, ಯಾರ ಮನೆಯ ಮದುವೆಗೆ ಯಾರು ಬಂದರು ಎಂಬುದರ ಸುತ್ತಲೇ ಸುತ್ತುತ್ತದೆ. ಬಾಡಿಗೆ ಸರಿಯಾಗಿ ವಸೂಲಾಗಬೇಕು ನಿಜ; ವಕ್ಫ್ ಸೊತ್ತಿನ ಲೆಕ್ಕ ತಪ್ಪಿದರೆ ಅಲ್ಲಾಹನ ಮುಂದೆ ಉತ್ತರವಿಲ್ಲ. ಆದರೆ ಅದೇ ಸಭೆಯಲ್ಲಿ, ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣರಾದ ನಮ್ಮ ಹುಡುಗರು ಎಷ್ಟು, ಶಾಲೆ ಬಿಟ್ಟು ಗ್ಯಾರೇಜು ಸೇರಿದವರು ಎಷ್ಟು ಎಂಬ ಪಟ್ಟಿಯನ್ನು ಮೇಜಿನ ಮೇಲಿಡುವ ಒಬ್ಬ ಸದಸ್ಯನಾದರೂ ಬೇಕಲ್ಲವೇ? ಸಅದ್ ಬಿನ್ ಉಬಾದರಂತೆ, ತಾನೂ ಈ ಜನರಲ್ಲಿ ಒಬ್ಬನೇ ಎಂದು ಎದ್ದು ಹೇಳುವವನು?

ಜಿಅ್‌ರಾನದಲ್ಲಿ ನೂರು ಒಂಟೆ ಪಡೆದ ಹಕೀಮ್ ಬಿನ್ ಹಿಝಾಮ್‌ರನ್ನು(ರ) ನಾವು ಮೇಲೆ ಹೆಸರಿಸಿ ಬಿಟ್ಟಿದ್ದೆವು. ಅವರು ಪ್ರವಾದಿವರ್ಯರಲ್ಲಿ(ಸ) ಮತ್ತೆ ಮತ್ತೆ ಕೇಳಿ ಪಡೆದವರು. ಕೊಟ್ಟ ಮೇಲೆ ಪ್ರವಾದಿವರ್ಯರು(ಸ), ಸಂಪತ್ತು ಹಸಿರಾಗಿ ಸಿಹಿಯಾಗಿ ಕಾಣುವುದೆಂದೂ, ಕೊಡುವ ಮೇಲಿನ ಕೈ ಪಡೆಯುವ ಕೆಳಗಿನ ಕೈಗಿಂತ ಉತ್ತಮವೆಂದೂ ಅವರಿಗೆ ಹೇಳಿದರು. ಇನ್ನು ಯಾರಿಂದಲೂ ಏನನ್ನೂ ಸ್ವೀಕರಿಸೆನೆಂದು ಹಕೀಮ್‌ರು ಅಂದೇ ಆಣೆಯಿಟ್ಟರು. ಹ. ಅಬೂಬಕರ್(ರ) ಬೈತುಲ್‌ಮಾಲ್‌ನಿಂದ ಅವರ ಪಾಲು ಕೊಡಲು ಕರೆದರು, ಅವರು ಒಪ್ಪಲಿಲ್ಲ. ಹ. ಉಮರ್(ರ) ಕರೆದರು, ಆಗಲೂ ಒಪ್ಪಲಿಲ್ಲ. ನ್ಯಾಯವಾಗಿ ಸಲ್ಲಬೇಕಾದ ಪಾಲನ್ನು ತಾನು ನೀಡುತ್ತಿದ್ದರೂ ಈ ಮನುಷ್ಯ ಸ್ವೀಕರಿಸುತ್ತಿಲ್ಲ, ಇದಕ್ಕೆ ನೀವು ಸಾಕ್ಷಿಯಾಗಿರಿ ಎಂದು ಹ. ಉಮರ್(ರ) ಜನರ ಮುಂದೆ ಹೇಳಬೇಕಾಯಿತು. ಹಕೀಮ್‌ರು ತೀರಿಕೊಳ್ಳುವವರೆಗೂ ಯಾರ ಮುಂದೆಯೂ ಕೈಚಾಚಲಿಲ್ಲ.